ಬೆಂಗಾಲ್ ಮರಿಗಳ ಚುಕ್ಕೆ ಮಸುಕಾಗಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಕಲಬುರಗಿಯಲ್ಲಿ ಶಾಲೆ ಶಿಕ್ಷಕಿ. ಜೇವರ್ಗಿ ರಸ್ತೆ ಕಡೆ ನಮ್ಮ ಮನೆ. ಮೂರು ವಾರದ ಹಿಂದೆ ನಮ್ಮ ಅಣ್ಣನ ಮಗ ಹೈದರಾಬಾದಿನಿಂದ ಎರಡು ಬೆಂಗಾಲ್ ಬೆಕ್ಕಿನ ಮರಿ ತಂದುಕೊಟ್ಟ. ಒಂದು ಗಂಡು, ಒಂದು ಹೆಣ್ಣು. ಒಂದೇ ತಾಯಿಯ ಮರಿಗಳು. ತಂದಾಗ ಆರು ವಾರ ಆಗಿತ್ತು, ಈಗ ಒಂಬತ್ತು. ಮೊದಲು ಫೋನಿಗೆ ಕಳಿಸಿದ ಫೋಟೋದಲ್ಲಿ ಚಿರತೆ ಹಾಗೆ ಚುಕ್ಕೆ ಎದ್ದು ಕಾಣುತ್ತಿದ್ದವು. ಈಗ ನೋಡಿದರೆ ಮೈಮೇಲೆ ಬೂದಿ ಚೆಲ್ಲಿದ ಹಾಗಿದೆ. ನಾವು ಮೋಸ ಹೋದೆವಾ? ಇನ್ನೂ ಕೆಲವು ಚಿಂತೆ ಇವೆ. ಗಂಡು ಮರಿ ಕೈಕಾಲು ಕಚ್ಚುತ್ತದೆ. ಬಕೆಟ್ ನೀರಿಗೆ ಇಳಿಯುತ್ತದೆ. ನಮ್ಮದು ಮಾಂಸ ತಿನ್ನದ ಮನೆ, ಹಾಗಾಗಿ ಎಮ್ಮೆ ಹಾಲಿನಲ್ಲಿ ರೊಟ್ಟಿ ನೆನೆಸಿ ಹಾಕುತ್ತಿದ್ದೇವೆ. ನಾಲ್ಕು ದಿನದಿಂದ ಎರಡಕ್ಕೂ ಭೇದಿ. ನಮ್ಮ ಅತ್ತೆ ದಿನಾ ಹೇಳುತ್ತಾರೆ, "ಹುಲಿ ಬಣ್ಣದ್ದು ಮನ್ಯಾಗ ಇಟ್ಕೊಂಡೀರಿ, ನಾಳಿ ಕೂಸಿನ ಮ್ಯಾಲೆ ಬೀಳ್ತದ ನೋಡ್ರಿ" ಅಂತ. ಮಗಳಿಗೆ ಏಳು ವರ್ಷ. ಬೇಸಿಗೆ ಬೇರೆ ಬರುತ್ತಿದೆ. ಅಣ್ಣನ ಮಗ ಮಾತ್ರ, ದೊಡ್ಡವಾದ ಮೇಲೆ ಮರಿ ಹಾಕಿಸಿ ಮಾರೋಣ ಅಂತಾನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಅಕ್ಕೋರೇ, ನಮಸ್ಕಾರ. ನೀವು ಮೊದಲು ಕೇಳಿದ್ದು ಚುಕ್ಕೆ ಬಗ್ಗೆ. ನಾನು ಮೊದಲು ಹೇಳುವುದು ಹಾಲಿನ ಬಗ್ಗೆ. ಇವತ್ತು ಸಂಜೆಯಿಂದಲೇ ಎಮ್ಮೆ ಹಾಲು ನಿಲ್ಲಿಸಿಬಿಡಿ. ಬೆಕ್ಕು ಅಂದರೆ ಹಾಲು ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ. ಆದರೆ ತಾಯಿ ಹಾಲು ಬಿಟ್ಟ ಮೇಲೆ ಮರಿಯ ಹೊಟ್ಟೆಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ದಿನದಿಂದ ದಿನಕ್ಕೆ ಕಡಿಮೆ ಆಗುತ್ತದೆ. ಅರಗದ ಸಕ್ಕರೆ ಕರುಳಿಗೆ ನೀರು ಎಳೆಯುತ್ತದೆ. ಭೇದಿ ಶುರುವಾಗುತ್ತದೆ. ಒಂದು ಕಿಲೋ ಕೂಡ ತೂಗದ ಜೀವಕ್ಕೆ ನಾಲ್ಕು ದಿನದ ಭೇದಿ ಅಂದರೆ ಸಣ್ಣ ಮಾತಲ್ಲ.

ಮರಿಯ ತುಟಿ ಎತ್ತಿ ವಸಡು ಮುಟ್ಟಿ ನೋಡಿ. ಒದ್ದೆಯಾಗಿ ಜಾರುತ್ತಿದ್ದರೆ ಸರಿ. ಬೆರಳಿಗೆ ಅಂಟಿದ ಹಾಗೆ ಆದರೆ ಮೈಯಲ್ಲಿ ನೀರು ಕಡಿಮೆ ಆಗಿದೆ, ಅವತ್ತೇ ಆಸ್ಪತ್ರೆಗೆ ಬನ್ನಿ. ಮರಿ ತಿನ್ನುವುದನ್ನು ಬಿಟ್ಟು, ವಾಂತಿ ಮಾಡಿ, ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂತು ನೀರನ್ನೂ ಕುಡಿಯದಿದ್ದರೆ ಒಂದು ತಾಸೂ ಕಾಯಬೇಡಿ. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ರೋಗ ಹೀಗೇ ಕಾಣಿಸಿಕೊಳ್ಳುತ್ತದೆ. ಲಸಿಕೆ ಆಗದ ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಂಡೊಯ್ಯುವ ರೋಗ ಅದು. ಅದರ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದ ತನಕವೂ ಬದುಕಬಲ್ಲದು. ಚಪ್ಪಲಿಗೆ ಅಂಟಿಕೊಂಡೂ ಮನೆಯೊಳಗೆ ಬರಬಹುದು. ಹಾಗಾಗಿ ಮನೆಯೊಳಗೇ ಇರುವ ಬೆಕ್ಕಿಗೂ ಲಸಿಕೆ ಬೇಕು.

ಬರೀ ಹಾಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಯ ಹುಳ ಇದ್ದೇ ಇರುತ್ತವೆ ಅಂತ ತಿಳಿಯಿರಿ, ತಾಯಿ ಹಾಲಿನಲ್ಲೇ ಅವು ಮರಿಗೆ ಬರುತ್ತವೆ. ಇನ್ನೊಂದು, ಒಂದೇ ಕಡೆ ತುಂಬಾ ಬೆಕ್ಕು ಸಾಕುವ ಜಾಗದಿಂದ ಬಂದ ಬೆಂಗಾಲ್ ಮರಿಗಳಲ್ಲಿ ಟ್ರೈಟ್ರೈಕೋಮೋನಾಸ್ ಅನ್ನುವ ಸೂಕ್ಷ್ಮಜೀವಿ ಕಾಣಿಸುತ್ತದೆ. ಅದು ಇದ್ದರೆ ಮರಿ ಗೆಲುವಾಗೇ ಇರುತ್ತದೆ, ಚೆನ್ನಾಗಿ ತಿನ್ನುತ್ತದೆ, ಆದರೆ ವಾಸನೆಯ ಭೇದಿ ಮಾತ್ರ ನಿಲ್ಲುವುದೇ ಇಲ್ಲ. ಮಾಮೂಲಿ ಭೇದಿ ಔಷಧ ಅದಕ್ಕೆ ನಾಟುವುದಿಲ್ಲ. ಅದಕ್ಕೇ ಬರುವಾಗ ಅವತ್ತಿನ ಹೊಸ ಮಲವನ್ನು ಸಣ್ಣ ಡಬ್ಬಿಯಲ್ಲಿ ತನ್ನಿ. ಫ್ರಿಜ್ಜಿನಲ್ಲಿ ಇಡಬೇಡಿ, ಬಿಸಿ ಆರುವ ಮೊದಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಜೀವಿ ಓಡಾಡುವುದು ಕಾಣುತ್ತದೆ.

ಈಗ ಊಟ. ಇಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾಯಿಯನ್ನು ರೊಟ್ಟಿ ಸಾರಿನ ಮೇಲೆ ಹೇಗೋ ಸಾಕಬಹುದು. ಬೆಕ್ಕನ್ನು ಆಗುವುದಿಲ್ಲ. ಮಾಂಸದಲ್ಲಿರುವ ಟೌರಿನ್ ಅನ್ನುವ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣಿನ ಪರದೆ ಕೆಡುತ್ತದೆ, ಹೃದಯ ಹಿಗ್ಗುತ್ತದೆ. ಬೆಕ್ಕುಗಳ ಆ ಹೃದಯರೋಗಕ್ಕೂ ಟೌರಿನ್‌ಗೂ ಇರುವ ನಂಟು ಗೊತ್ತಾಗಿದ್ದು 1987ರಲ್ಲಿ. ಅಲ್ಲಿಂದ ಬೆಕ್ಕಿನ ಆಹಾರ ತಯಾರಿಸುವವರು ಟೌರಿನ್ ಜಾಸ್ತಿ ಸೇರಿಸತೊಡಗಿದರು, ಆ ರೋಗ ತಾನಾಗೇ ಇಳಿಯಿತು.

ಹಾಗಂತ ನಿಮ್ಮ ಅಡುಗೆ ಮನೆಯಲ್ಲಿ ಕೋಳಿ ಬೇಯಿಸಿ ಅನ್ನುತ್ತಿಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಅದು ಆಗದ ಮಾತು, ನನಗೆ ಗೊತ್ತು. ಪ್ಯಾಕೆಟ್ಟಿನ ಒಣ ಆಹಾರ ಸಿಗುತ್ತದೆ. ಅದರ ಮೇಲೆ 'ಕಿಟನ್' ಅಂತ ಬರೆದಿರಬೇಕು. ದೊಡ್ಡ ಬೆಕ್ಕಿನದು ಬೇಡ, ನಾಯಿಯದು ಬೇಡವೇ ಬೇಡ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಉಗುರು ಬೆಚ್ಚಗಿರುವಾಗ ಕೊಡಿ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಆರು ತಿಂಗಳಾದ ಮೇಲೆ ಎರಡು ಮೂರು ಸಲ ಸಾಕು. ಬಟ್ಟಲನ್ನು ಪಡಸಾಲೆಯಲ್ಲೋ ಹಿತ್ತಲ ಕೋಣೆಯಲ್ಲೋ ಬೇರೆ ಇಟ್ಟುಕೊಳ್ಳಿ, ಅತ್ತೆಯವರಿಗೂ ಕಸಿವಿಸಿ ಆಗುವುದಿಲ್ಲ. ಇದೂ ಮನೆಯಲ್ಲಿ ಒಪ್ಪಿಗೆ ಆಗದಿದ್ದರೆ, ಮಾಂಸ ತಿನ್ನಿಸಲು ಅಡ್ಡಿ ಇಲ್ಲದ ಒಳ್ಳೆಯ ಮನೆಗೆ ಮರಿಗಳನ್ನು ಕೊಟ್ಟುಬಿಡಿ. ಅದರಲ್ಲಿ ತಪ್ಪಿಲ್ಲ. ಹಾಲು ರೊಟ್ಟಿ ಮೇಲೆ ಇಟ್ಟುಕೊಳ್ಳುವುದೇ ತಪ್ಪು.

ಇದರ ತಿರುಗುಮುರುಗಾ ತಪ್ಪನ್ನೂ ನೋಡಿದ್ದೇನೆ. ಸೇಡಂ ಕಡೆಯಿಂದ ಒಂದು ಸಲ ನಾಲ್ಕು ತಿಂಗಳ ಮರಿಯನ್ನು ತಂದಿದ್ದರು. ಪ್ರೀತಿಯಿಂದ ಸಾಕಿದ ಮರಿ. ಎರಡೂ ಹೊತ್ತು ಕೋಳಿಯ ಮೆತ್ತನೆಯ ಎದೆಮಾಂಸ, ಬೇರೆ ಏನೂ ಇಲ್ಲ. ಟೇಬಲ್ ಮೇಲೆ ಇಟ್ಟರೆ ಹಿಂಗಾಲು ಎಳೆದುಕೊಂಡು ಹೋಗುತ್ತಿತ್ತು. ಸೊಂಟ ಮುಟ್ಟಿದರೆ ಕಿರುಚುತ್ತಿತ್ತು. ಎಕ್ಸ್‌ರೇಯಲ್ಲಿ ಎಲುಬು ಬೆಳ್ಳಗೆ ಕಾಣಬೇಕು ಅಲ್ವಾ, ಅದರ ಎಲುಬು ಮಾಂಸದ ಬಣ್ಣದಲ್ಲೇ ಕರಗಿಹೋದ ಹಾಗಿತ್ತು. ತೊಡೆಯಲ್ಲಿ ಬಿರುಕು. ಎಲುಬಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳೆಯುವ ಮರಿ ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಆಹಾರ ಬದಲಿಸಿ, ಸಣ್ಣ ಪಂಜರದಲ್ಲಿ ಆರು ವಾರ ಅಲುಗಾಡದ ಹಾಗೆ ಇಟ್ಟ ಮೇಲೆ ಅದು ನಡೆಯಿತು. ಆದರೆ ನಡಿಗೆ ಕೊನೆಗೂ ಸ್ವಲ್ಪ ಓರೆಯಾಗೇ ಉಳಿಯಿತು. ಹಾಗಾಗಿ ಯಾರಾದರೂ "ಕಾಡಿನ ತಳಿ, ಹಸಿ ಮಾಂಸವೇ ಹಾಕಿ" ಅಂದರೆ ಕೇಳಬೇಡಿ.

ಅಡುಗೆ ಮನೆಯಲ್ಲಿ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ಒಂಬತ್ತು ವಾರದ ಮರಿ ಹೆಚ್ಚೂಕಮ್ಮಿ 900 ಗ್ರಾಂ ಇರಬೇಕು. ವಾರಕ್ಕೆ ನೂರು ಗ್ರಾಂನಷ್ಟು ಏರಬೇಕು. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಕಾಯಿಲೆ ಗೊತ್ತಾಗುತ್ತದೆ.

ಈಗ ಚುಕ್ಕೆ. ನೀವು ಮೋಸ ಹೋಗಿಲ್ಲ, ಚುಕ್ಕೆ ಮಟ್ಟಿಗಾದರೂ ಇಲ್ಲ. ಬೆಂಗಾಲ್ ಮರಿಗಳಿಗೆ ಮೂರು ನಾಲ್ಕು ವಾರ ಆಗುತ್ತಿದ್ದ ಹಾಗೆ ಉದ್ದನೆಯ ಬೂದು ಕೂದಲು ಮೇಲೆದ್ದು ಬರುತ್ತದೆ. ಹುಟ್ಟಿದಾಗ ಕಂಡ ಚುಕ್ಕೆಯನ್ನು ಅದು ಮುಚ್ಚಿಬಿಡುತ್ತದೆ. ಸಾಕುವವರು ಇದನ್ನು 'ಫಜ್ಜಿ' ಕಾಲ ಅನ್ನುತ್ತಾರೆ. ಎಂಟರಿಂದ ಹತ್ತು ವಾರದಲ್ಲಿ ಅದು ಜಾಸ್ತಿ. ನಾಲ್ಕು ತಿಂಗಳ ಹೊತ್ತಿಗೆ ಉದುರುತ್ತದೆ, ಕೆಲವು ಮರಿಗಳಿಗೆ ಇನ್ನೂ ತಡ. ಬಯಲಲ್ಲಿ ಮರಿ ಎದ್ದು ಕಾಣದಿರಲಿ ಅಂತ ಕಾಡಿನ ಪೂರ್ವಜರಿಗೆ ಇದ್ದ ಗುಣ ಇದು ಅಂತ ತಿಳಿದವರು ಹೇಳುತ್ತಾರೆ. ಬೆಳಿಗ್ಗೆ ಎಳೆ ಬಿಸಿಲಿನಲ್ಲಿ ಹೆಣ್ಣು ಮರಿಯನ್ನು ತೊಡೆ ಮೇಲೆ ಮಲಗಿಸಿಕೊಳ್ಳಿ. ಬೆನ್ನಿನ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿ, ಬುಡಕ್ಕೆ ನೋಡಿ. ಬೂದಿಯ ಕೆಳಗೆ ಕಂದು ಚುಕ್ಕೆ, ಅದರ ಅಂಚಿಗೆ ಕಪ್ಪು ಗೆರೆ ಕಾಣಬೇಕು. ಹೊಟ್ಟೆ ತಿರುಗಿಸಿ ನೋಡಿ, ಅಲ್ಲಿ ಬೂದು ಕೂದಲು ಕಡಿಮೆ, ಚುಕ್ಕೆ ಅಲ್ಲಿ ಈಗಲೇ ಕಾಣುತ್ತವೆ.

ನಿಮ್ಮದು ಶುದ್ಧ ಬೆಂಗಾಲ್ ಹೌದೋ ಅಲ್ಲವೋ ಅಂತ ಚುಕ್ಕೆ ನೋಡಿ ಹೇಳಲು ಬರುವುದಿಲ್ಲ. ತಂದೆ ತಾಯಿಯ ನೋಂದಣಿ ಕಾಗದ ಕೊಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಬೆಂಗಾಲ್ ಜೊತೆ ಊರ ಬೆಕ್ಕು ಬೆರೆತಿರಬಹುದು. ಹಾಗಿದ್ದರೂ ನನಗೆ ಅದರಲ್ಲಿ ನಷ್ಟ ಕಾಣುವುದಿಲ್ಲ, ಯಾಕೆ ಅಂದರೆ ಈ ತಳಿಯ ಕಥೆಯಲ್ಲೇ ನಮ್ಮ ಬೀದಿ ಬೆಕ್ಕು ಇದೆ.

ಹೆಸರು ಬೆಂಗಾಲ್ ಅಂತಿದ್ದರೂ ಇದು ಬಂಗಾಳದಿಂದ ಬಂದದ್ದಲ್ಲ. ಏಷ್ಯಾದ ಚಿರತೆ ಬೆಕ್ಕು ಅನ್ನುವ ಕಾಡಿನ ಸಣ್ಣ ಬೆಕ್ಕಿನ ವೈಜ್ಞಾನಿಕ ಹೆಸರಿನಲ್ಲಿ 'ಬೆಂಗಾಲೆನ್ಸಿಸ್' ಅಂತಿದೆ, ಹೆಸರು ಅಲ್ಲಿಂದ ಬಂತು. ತಳಿ ಬೆಳೆದದ್ದು ಅಮೆರಿಕದಲ್ಲಿ. ಜೀನ್ ಮಿಲ್ ಅನ್ನುವ ಹೆಣ್ಣುಮಗಳು 1963ರಲ್ಲಿ ಚಿರತೆ ಬೆಕ್ಕಿಗೂ ಮನೆ ಬೆಕ್ಕಿಗೂ ಹುಟ್ಟಿದ ಮರಿಯನ್ನು ಸಾಕಿದರು. ನಡುವೆ ಬಿಟ್ಟ ಕೆಲಸವನ್ನು 1980ರ ದಶಕದಲ್ಲಿ ಮತ್ತೆ ಹಿಡಿದರು. 1982ರಲ್ಲಿ ಅವರು ದೆಹಲಿಗೆ ಬಂದಾಗ ಮೃಗಾಲಯದ ಘೇಂಡಾಮೃಗದ ಆವರಣದಲ್ಲಿ ಓಡಾಡುತ್ತಿದ್ದ ಒಂದು ಬೀದಿ ಬೆಕ್ಕಿನ ಮರಿ ಅವರ ಕಣ್ಣಿಗೆ ಬಿತ್ತು. ಕೇಸರಿ ಮೈ, ಕಡು ಚುಕ್ಕೆ. ಅದನ್ನು ಅಮೆರಿಕಕ್ಕೆ ಕರೆಸಿಕೊಂಡರು. 'ಟೋರಿ ಆಫ್ ಡೆಲ್ಲಿ' ಅಂತ ಹೆಸರಿಟ್ಟರು. ಬೆಂಗಾಲ್ ಬೆಕ್ಕಿನ ಕೂದಲು ಬಿಸಿಲಿಗೆ ಜರಿಯ ಹಾಗೆ ಮಿನುಗುತ್ತದಲ್ಲ, ಆ ಮಿನುಗು ಬಂದದ್ದು ಆ ದೆಹಲಿ ಬೆಕ್ಕಿನಿಂದ. ಹುಲಿ ಪಟ್ಟೆಯ ಟಾಯ್ಗರ್ ತಳಿಯನ್ನು ಬೆಳೆಸಿದ್ದು ಜೀನ್ ಮಿಲ್ ಅವರ ಮಗಳು ಜೂಡಿ ಸಗ್ಡನ್. ಅದರಲ್ಲೂ ಕಾಶ್ಮೀರದ ಒಂದು ಬೀದಿ ಬೆಕ್ಕಿನ ರಕ್ತ ಇದೆ. ಟಾಯ್ಗರ್‌ಗೆ ನೇರವಾಗಿ ಕಾಡು ಬೆಕ್ಕನ್ನು ಕೂಡಿಸಿಯೇ ಇಲ್ಲ. ಈ ಮಾತನ್ನು ನಾನು ಬೆಕ್ಕು ಕೊಳ್ಳಲು ಹೊರಟ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಓಣಿಯ ಪಟ್ಟೆ ಬೆಕ್ಕು ಯಾವ ಲೆಕ್ಕದಲ್ಲೂ ಕಡಿಮೆಯದಲ್ಲ.

ಅತ್ತೆಯವರಿಗೆ ಒಂದು ಲೆಕ್ಕ ಹೇಳಿ. ಕಾಡಿನ ರಕ್ತ ಎಷ್ಟಿದೆ ಅಂತ 2024ರಲ್ಲಿ ಅಮೆರಿಕದ ಸಂಶೋಧಕರು ಈ ತಳಿಯ ವಂಶವಾಹಿ ಪರೀಕ್ಷಿಸಿದ್ದಾರೆ. ಸರಾಸರಿ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ ಚಿರತೆ ಬೆಕ್ಕಿನದು. ಉಳಿದದ್ದು ಮನೆ ಬೆಕ್ಕಿನದು. ಕಾಡಿನ ಬೆಕ್ಕಿನಿಂದ ನಾಲ್ಕನೇ ತಲೆಮಾರಿನ ಮೇಲೆ ಇದನ್ನು ಮನೆ ಬೆಕ್ಕು ಅಂತಲೇ ಲೆಕ್ಕ ಹಿಡಿಯುತ್ತಾರೆ. ದೊಡ್ಡದಾದರೆ ನಾಲ್ಕರಿಂದ ಆರೇಳು ಕಿಲೋ. ಮೈಬಣ್ಣ ಹುಲಿಯದಿರಬಹುದು, ಬುದ್ಧಿ ಹುಲಿಯದಲ್ಲ.

ನಿಜವಾದ ಕಾಡು ಮರಿ ಬೇರೆ. ಅದು ನಮ್ಮ ಹೊಲದಲ್ಲೇ ಇದೆ. ತೊಗರಿ ರಾಶಿ ಸಮಯದಲ್ಲಿ, ಕಬ್ಬು ಕಡಿಯುವಾಗ ಪ್ರತಿ ವರ್ಷ ಯಾರಾದರೂ ಫೋನ್ ಮಾಡುತ್ತಾರೆ. ಒಂದು ಸಲ ಆಳಂದ ಕಡೆಯ ಹುಡುಗ ಕೈಚೀಲದಲ್ಲಿ ಟವೆಲ್ ಹಾಸಿ ಎರಡು ಮರಿ ತಂದ. "ಸರ್, ಬೆಂಗಾಲ್ ಬೆಕ್ಕು ಸಿಕ್ಕಾವ" ಅಂದ. ಮುಖದಲ್ಲಿ ಅಷ್ಟು ಖುಷಿ. ಟವೆಲ್ ಸರಿಸಿದರೆ ಎರಡೂ ಒಟ್ಟಿಗೆ ಹಲ್ಲು ತೋರಿಸಿ ಉಗುಳಿದವು. ಉದ್ದ ಕಾಲು, ಗಿಡ್ಡ ಬಾಲ, ಕಿವಿ ತುದಿಗೆ ಕಪ್ಪು ಕೂದಲಿನ ಎಳೆ. ಹೊಲದ ಕಾಡುಬೆಕ್ಕಿನ ಮರಿಗಳು. ಇವುಗಳ ಮೈಮೇಲೆ ಮರಿಯಾಗಿದ್ದಾಗ ಪಟ್ಟೆ ಇರುತ್ತದೆ, ದೊಡ್ಡದಾದಾಗ ಮಾಸಿ ಮಣ್ಣಿನ ಬಣ್ಣ ಆಗುತ್ತದೆ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಪ್ರಕಾರ ಇವನ್ನು ಹಿಡಿಯುವುದು, ಸಾಕುವುದು ಅಪರಾಧ. ಹುಡುಗನ ಮೇಲೆ ನಾನು ಸಿಟ್ಟಾಗಲಿಲ್ಲ, ಅವನು ಉಳಿಸಲೆಂದೇ ತಂದಿದ್ದ. ಅರಣ್ಯ ಇಲಾಖೆಯವರಿಗೆ ಹೇಳಿ, ಅವತ್ತೇ ಸಂಜೆ ಮರಿಗಳನ್ನು ಸಿಕ್ಕ ಬದುವಿನಲ್ಲೇ ಇಟ್ಟು, ಜನ ದೂರ ಸರಿದರು. ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಯಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ನಿಮ್ಮ ಮಕ್ಕಳಿಗೂ ಇಂಥ ಮರಿ ಕಂಡೀತು. ತಾಯಿ ಬೇಟೆಗೆ ಹೋಗಿರುತ್ತದೆ, ಬಿಟ್ಟು ಹೋಗಿರುವುದಿಲ್ಲ. ಮುಟ್ಟಬೇಡಿ ಅಂತ ಹೇಳಿ.

ನಿಮ್ಮ ಗಂಡು ಮರಿ ಕಚ್ಚುವುದಕ್ಕೆ ಕಾಡಿನ ರಕ್ತ ಕಾರಣ ಅಲ್ಲ. ಆರು ವಾರಕ್ಕೇ ತಾಯಿಯಿಂದ ಬಿಡಿಸಿದ್ದು ಕಾರಣ. ಮರಿಯನ್ನು ಹನ್ನೆರಡು ವಾರದ ತನಕ ತಾಯಿ ಜೊತೆ ಬಿಡಬೇಕು. ಎರಡರಿಂದ ಏಳು ವಾರದ ನಡುವೆ ಮರಿ ಈ ಲೋಕದಲ್ಲಿ ಯಾರನ್ನು ನಂಬಬೇಕು ಅಂತ ಕಲಿಯುತ್ತದೆ. ಅದಾದ ಮೇಲೆ ಹಲ್ಲು ಎಷ್ಟು ಒತ್ತಬೇಕು ಅಂತ ತಾಯಿ ಕಲಿಸುತ್ತದೆ. ಜೋರಾಗಿ ಕಚ್ಚಿದರೆ ಎದ್ದು ಹೋಗಿಬಿಡುತ್ತದೆ, ಆಟ ಅಲ್ಲಿಗೆ ಮುಗಿಯಿತು. ಆ ಪಾಠ ನಿಮ್ಮ ಮರಿಗೆ ಅರ್ಧಕ್ಕೆ ನಿಂತಿದೆ. ಒಂದು ಅದೃಷ್ಟ ಅಂದರೆ ಎರಡು ಒಟ್ಟಿಗೆ ಇವೆ, ಒಂದಕ್ಕೊಂದು ಸ್ವಲ್ಪ ಕಲಿಸಿಕೊಳ್ಳುತ್ತವೆ. ಉಳಿದದ್ದು ನಿಮ್ಮ ಪಾಲು.

ಕೈಯನ್ನು ಆಟದ ಸಾಮಾನು ಮಾಡಬೇಡಿ. ಮನೆಯವರೆಲ್ಲ ಇದಕ್ಕೆ ಒಪ್ಪಬೇಕು, ಅಣ್ಣನ ಮಗನೂ. ಗಂಡಸರು ಬೆರಳು ಆಡಿಸಿ ಮರಿಯನ್ನು ಕೆಣಕುತ್ತಾರೆ. ಈಗ ಮುದ್ದಾಗಿ ಕಾಣುತ್ತದೆ. ಐದು ಕಿಲೋ ಆದಾಗ ಅದೇ ಆಟ ಮಗಳ ಕೈಮೇಲೆ ನಡೆಯುತ್ತದೆ. ಕಚ್ಚಿದರೆ ಹೊಡೆಯಬೇಡಿ, ಕೂಗಬೇಡಿ, ಕೈ ಜಗ್ಗಬೇಡಿ. ಕೈಯನ್ನು ಸತ್ತ ಹಾಗೆ ಬಿಟ್ಟು, ಮರಿ ಬಿಟ್ಟಾಗ ಎದ್ದು ಬೇರೆ ಕೋಣೆಗೆ ಹೋಗಿ. ಒಂದು ನಿಮಿಷ ಸಾಕು. ತಾಯಿ ಮಾಡುತ್ತಿದ್ದದ್ದೇ ಅದು.

ಆಟಕ್ಕೆ ಮೂರಡಿ ಕೋಲಿನ ತುದಿಗೆ ದಪ್ಪ ಬಟ್ಟೆಯ ಗಂಟು ಕಟ್ಟಿ. ಅದು ಇಲಿಯ ಹಾಗೆ ಓಡಬೇಕು. ಮಂಚದ ಕೆಳಗೆ ಅಡಗಬೇಕು, ನಿಲ್ಲಬೇಕು, ಮತ್ತೆ ಓಡಬೇಕು. ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ಸಲ. ಕೊನೆಗೆ ಹಿಡಿಯಲು ಬಿಡಿ. ಹಿಡಿದ ತಕ್ಷಣ ಊಟ ಇಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಬೆಕ್ಕಿನ ದಿನ ಈ ನಾಲ್ಕು ಮೆಟ್ಟಿಲಲ್ಲಿ ನಡೆಯುತ್ತದೆ. ರಾತ್ರಿ ಮಲಗುವ ಮುಂಚೆ ಹೀಗೆ ಆಡಿಸಿದರೆ ನಸುಕಿನ ನಾಲ್ಕು ಗಂಟೆಗೆ ನಿಮ್ಮ ಕಾಲಬೆರಳು ಹಿಡಿಯಲು ಬರುವುದಿಲ್ಲ. ಬೆಂಗಾಲ್ ತಳಿಗೆ ಮಾಮೂಲಿ ಬೆಕ್ಕಿಗಿಂತ ಆಟ ಜಾಸ್ತಿ ಬೇಕು. ಇದು ಮಾತ್ರ ನಿಜ. ಬೇಸರ ಬಂದರೆ ಪರದೆ ಹರಿಯುತ್ತದೆ, ನಲ್ಲಿ ತಿರುವುತ್ತದೆ, ಕಪಾಟಿನ ಬಾಗಿಲು ತೆಗೆಯುತ್ತದೆ. ಅದನ್ನೇ ಜನ "ಕಾಡು ಬುದ್ಧಿ" ಅನ್ನುತ್ತಾರೆ. ದಿನಕ್ಕೆ ಒಂದು ತಾಸು ಕೊಡಲು ಆಗದ ಮನೆಯವರು ಈ ತಳಿ ತರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಉಗುರು ಕೆರೆಯಲು ಒಂದು ದಪ್ಪ ಮರದ ತುಂಡಿಗೆ ಸುತಳಿ ಬಿಗಿಯಾಗಿ ಸುತ್ತಿ, ಅಲುಗಾಡದ ಹಾಗೆ ನಿಲ್ಲಿಸಿ. ಎತ್ತರದ ಜಾಗ ಬೇಕು, ಗೋಡೆಗೆ ಎರಡು ಹಲಗೆ ಹೊಡೆಸಿದರೆ ಸಾಕು. ಆದರೆ ಕಪಾಟಿನ ಮೇಲಿಂದ ಸೀಲಿಂಗ್ ಫ್ಯಾನಿಗೆ ಹಾರುವ ಹಾಗಿರಬಾರದು. ಅದನ್ನು ಹಲಗೆ ಹೊಡೆಯುವ ಮೊದಲೇ ಅಳೆದು ನೋಡಿ. ಮಲಕ್ಕೆ ಮರಳಿನ ಟ್ರೇ ಮೂರು ಇಡಿ, ಎರಡು ಬೆಕ್ಕಿಗೆ ಮೂರು. ದಿನಾ ಬಾಚಿ ತೆಗೆಯಿರಿ.

ನೀರಿನ ವಿಷಯ ನಗುವಂಥದ್ದಲ್ಲ. ಈ ತಳಿಗೆ ನೀರೆಂದರೆ ಆಸೆ. ನಮ್ಮ ಊರಲ್ಲಿ ನಲ್ಲಿ ದಿನಾ ಬರುವುದಿಲ್ಲ, ಡ್ರಮ್ಮು, ತೊಟ್ಟಿ ತುಂಬಿಸಿಡುತ್ತೇವೆ. ಬಕೆಟ್ಟಿನ ನುಣುಪು ಗೋಡೆ ಹತ್ತಲು ಮರಿಗೆ ಆಗುವುದಿಲ್ಲ. ಅರ್ಧ ತುಂಬಿದ ಡ್ರಮ್ಮು ತುಂಬಿದ್ದಕ್ಕಿಂತ ಅಪಾಯ. ಎಲ್ಲಕ್ಕೂ ಮುಚ್ಚಳ ಹಾಕಿ, ಮೇಲೆ ಕಲ್ಲು ಹೇರಿ. ಆಸೆಗೆ ಎರಡಿಂಚು ನೀರಿನ ಅಗಲ ಬುಟ್ಟಿ ಇಟ್ಟು, ಒಂದು ಚೆಂಡು ತೇಲಿಬಿಡಿ. ಮಗಳು ಪಕ್ಕ ಕೂತು ನೋಡಲಿ.

ಬೇಸಿಗೆಗೆ ಹೆದರಬೇಡಿ, ಆದರೆ ತಯಾರಿ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾರಾ 42 ದಾಟುತ್ತದೆ. ಬೆಕ್ಕು ಬೆವರುವುದು ಪಾದದ ಮೆತ್ತೆಯಲ್ಲಿ ಮಾತ್ರ. ಮೈ ನೆಕ್ಕಿಕೊಂಡು ತಂಪಾಗುತ್ತದೆ. ನಿಮ್ಮ ಮನೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಮಧ್ಯಾಹ್ನ ಆ ಕಲ್ಲಿನ ಮೇಲೆ ಹೊಟ್ಟೆ ಅಂಟಿಸಿ ಮಲಗುತ್ತವೆ, ಎಬ್ಬಿಸಬೇಡಿ. ನೀರು ಮಣ್ಣಿನ ಬಟ್ಟಲಲ್ಲಿ, ಎರಡು ಮೂರು ಕಡೆ ಇಡಿ, ಊಟದ ಬಟ್ಟಲಿನಿಂದ ದೂರ. ಕೂಲರಿನ ಹಿಂದೆ ಜಾಲರಿ ಇದೆಯಾ ನೋಡಿ. ಮಾಳಿಗೆ ಬಾಗಿಲು ಮಧ್ಯಾಹ್ನ ಹಾಕಿರಲಿ. ತಗಡಿನ ಕೋಣೆಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬೇಡ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಬಾಯಾರಿಕೆ ಅಲ್ಲ, ಅಪಾಯ. ಮೈ ಕಿವಿ ಪಾದಕ್ಕೆ ಒದ್ದೆ ಬಟ್ಟೆ ಒರೆಸಿ, ಫ್ಯಾನ್ ಹಾಕಿ, ಹಾಗೇ ಆಸ್ಪತ್ರೆಗೆ ಹೊರಡಿ. ಐಸ್ ನೀರು ಸುರಿಯಬೇಡಿ.

ಮನೆಯಲ್ಲಿ ಇರುವ ವಿಷಗಳನ್ನು ಹೇಳಿಬಿಡುತ್ತೇನೆ, ಇದಕ್ಕೇ ನಾನು ಜಾಸ್ತಿ ಹೆದರುತ್ತೇನೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಮಕ್ಕಳ ಜ್ವರದ ಸಿರಪ್ಪೂ ಬೇಡ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಲು ಬರುವುದಿಲ್ಲ. ಮುಖ ಊದುತ್ತದೆ, ವಸಡು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅರ್ಧ ಗುಳಿಗೆಯಿಂದ ಸತ್ತ ಬೆಕ್ಕನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಕೊಟ್ಟವರು ತಾಯಿಯ ಹಾಗೆ ಅಳುತ್ತಿದ್ದರು. ನಾಯಿಯ ಮೈಮೇಲಿನ ಉಣ್ಣೆ ಹುಳಕ್ಕೆ ಹಾಕುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ಮುಟ್ಟಿಸಬೇಡಿ. ನೆಲಕ್ಕೆ ಕಪ್ಪು ಫಿನಾಯಿಲ್ ಹಾಕಿ ಒರೆಸುತ್ತಿದ್ದರೆ ಬಿಡಿ, ಪಾದ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ನುಸಿ ಗುಳಿಗೆ, ಇಲಿ ಪಾಷಾಣ, ಈರುಳ್ಳಿ, ಬೆಳ್ಳುಳ್ಳಿ ದೂರ ಇಡಿ. ಹೂವಿನ ದಾರ, ಹೊಲಿಗೆ ದಾರ ಕೂಡ. ಬೆಕ್ಕಿನ ನಾಲಿಗೆ ಮುಳ್ಳು ಒಳಮುಖವಾಗಿರುತ್ತವೆ, ದಾರ ಬಾಯಿಗೆ ಸಿಕ್ಕರೆ ಉಗುಳಲು ಬರುವುದಿಲ್ಲ. ನುಂಗಿದರೆ ಕರುಳನ್ನು ಸೀರೆ ನೆರಿಗೆ ಹಾಗೆ ಮಡಚಿಬಿಡುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೇ ಕರೆತನ್ನಿ.

ಲಸಿಕೆ ಈಗಾಗಲೇ ಒಂದು ವಾರ ತಡ ಆಗಿದೆ. ಭೇದಿ ನಿಂತ ತಕ್ಷಣ ಮೊದಲನೇದು. ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವ ತನಕ. ಹನ್ನೆರಡು ವಾರ ದಾಟಿದ ಮೇಲೆ ರೇಬಿಸ್ ಲಸಿಕೆ. ಹುಳದ ಔಷಧ ತೂಕ ನೋಡಿ ಕೊಡಬೇಕು, ಅಂದಾಜಿನಲ್ಲಿ ಬೇಡ. ಮಗಳಿಗೆ ಕಚ್ಚಿ ರಕ್ತ ಬಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮಕ್ಕಳ ಡಾಕ್ಟರಿಗೆ ತೋರಿಸಿ. ಸಾಕಿದ್ದು ಅಂತ ಸುಮ್ನೆ ಬಿಡಬೇಡಿ. ಮರಿಯ ಮೈಮೇಲೆ ದುಂಡಗೆ ಕೂದಲು ಉದುರಿದ್ದರೆ ಗಜಕರ್ಣ ಇರಬಹುದು, ಮಕ್ಕಳಿಗೂ ಹತ್ತುತ್ತದೆ.

ಅಣ್ಣನ ಮಗನಿಗೆ ಈ ಭಾಗ ಓದಿ ಹೇಳಿ. ಇವು ಅಣ್ಣ ತಂಗಿ. ಬೆಕ್ಕಿಗೆ ಆ ಸಂಬಂಧ ಗೊತ್ತಿಲ್ಲ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ತಾನೇ ಮರಿಯಾಗಿರುವಾಗ ಬಸುರಾಗುತ್ತದೆ. ಒಂದೇ ಹೊಟ್ಟೆಯ ಜೋಡಿಯಿಂದ ಬರುವ ಮರಿಗಳಿಗೆ ಒಳಗೆ ಅಡಗಿದ ರೋಗ ಎರಡೂ ಕಡೆಯಿಂದ ಸೇರುತ್ತದೆ. ಬೆಂಗಾಲ್ ತಳಿಯಲ್ಲಿ ಅಂಥ ರೋಗಗಳು ಇವೆ. ಎಳೆಯ ವಯಸ್ಸಿಗೇ ಕಣ್ಣು ಹೋಗುವುದೊಂದು. ರಕ್ತಕಣ ಒಡೆದು ರಕ್ತಹೀನತೆ ಬರುವುದೊಂದು. ಹೃದಯದ ಗೋಡೆ ದಪ್ಪವಾಗುವುದು ಇನ್ನೊಂದು. ಮೊದಲ ಎರಡಕ್ಕೆ ವಂಶವಾಹಿ ಪರೀಕ್ಷೆ ಇದೆ, ಮೂರನೆಯದಕ್ಕೆ ವರ್ಷ ವರ್ಷ ಹೃದಯದ ಸ್ಕ್ಯಾನ್ ಬೇಕು. ಇದೆಲ್ಲ ಮಾಡಿಸದೆ ಮರಿ ಮಾರುವವರು ಇನ್ನೊಬ್ಬರ ಮನೆಗೆ ಕಣ್ಣೀರು ಮಾರುತ್ತಾರೆ. ಐದು ತಿಂಗಳ ಹೊತ್ತಿಗೆ ಎರಡಕ್ಕೂ ಸಂತಾನಹರಣ ಮಾಡಿಸಿ. ಗಂಡಿನದು ಹೆಣ್ಣಿನದಕ್ಕಿಂತ ಬೇಗ ಮುಗಿಯುತ್ತದೆ. ಮಾಡಿಸದಿದ್ದರೆ ಗಂಡು ಗೋಡೆಗೆಲ್ಲ ಮೂತ್ರ ಸಿಂಪಡಿಸುತ್ತದೆ, ಆ ವಾಸನೆ ಎಷ್ಟು ತೊಳೆದರೂ ಬಿಡುವುದಿಲ್ಲ. ನನ್ನಿಂದ ಆಗದ ದೊಡ್ಡ ಪರೀಕ್ಷೆ ಬೇಕಾದರೆ ಬೀದರಿನ ಪಶು ವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತೇನೆ.

ಅತ್ತೆಯವರನ್ನು ಈ ಕೆಲಸದಿಂದ ದೂರ ಇಡಬೇಡಿ. ಅವರ ಹೆದರಿಕೆ ಸುಳ್ಳಲ್ಲ, ಕೂಸಿನ ಮೇಲಿನ ಕಾಳಜಿ ಅದು. ಕೋಲಿನ ಆಟ ಅವರ ಕೈಗೆ ಕೊಡಿ. ಕುರ್ಚಿ ಮೇಲೆ ಕೂತೇ ಆಡಿಸಬಹುದು, ಮರಿ ಮೈಮೇಲೆ ಬರುವುದಿಲ್ಲ. ಒಂದು ವಾರ ಆಡಿಸಿದ ಮೇಲೆ ಮರಿಗಳು ಸಂಜೆ ಹೊತ್ತಿಗೆ ಅವರ ಕುರ್ಚಿ ಹತ್ತಿರವೇ ಬಂದು ಕೂತು ಕಾಯುತ್ತವೆ. ಮಗಳಿಗೆ ತೂಕ ಬರೆಯುವ ಕೆಲಸ ಕೊಡಿ. ನೀವು ಗುರುವಾರ ಬನ್ನಿ, ಬೆಳಿಗ್ಗೆ ಹತ್ತರ ಒಳಗೆ, ಬಿಸಿಲೇರುವ ಮುಂಚೆ. ಮರಿಗಳನ್ನು ಕೈಯಲ್ಲಿ ಹಿಡಿದು ತರಬೇಡಿ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ತನ್ನಿ. ಮಲದ ಡಬ್ಬಿ ಮರೆಯಬೇಡಿ. ಮಗಳು ಬರೆದ ತೂಕದ ಚೀಟಿಯನ್ನೂ ತನ್ನಿ.